ಮನೆ ಕೊಟ್ಟಿಗೆಗಳ ದುರಸ್ತಿ: ಗುತ್ತಿಗೆಗೆ ಕೊಡತಕ್ಕದ್ದೋ, ಸ್ವಂತವಾಗಿ ಮಾಡತಕ್ಕದ್ದೋ?

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಮುಂಗಾರು ಮಳೆ ಬೀಳುವುದಕ್ಕೆ ಮೊದಲು, ಒಕ್ಕಲು ಮನೆಗಳಲ್ಲಿ ಪ್ರತಿವರ್ಷವೂ ಒಂದು ಪ್ರಶ್ನೆ ಏಳುವುದು. ಸೂರಿನ ಹೆಂಚು ಒಡೆದಿರುವುದು, ಗೋಡೆಯ ಬುಡ ಮಳೆಯ ಎರಚಲಿಗೆ ಕೊರೆದುಹೋಗಿರುವುದು, ಕೊಟ್ಟಿಗೆಯ ನೆಲ ಗುಂಡಿ ಬಿದ್ದು ಗಂಜಳ ನಿಂತಿರುವುದು. ಇವುಗಳನ್ನು ಮನೆಯವರೇ ಸರಿಮಾಡಿಕೊಳ್ಳುವುದು ಲೇಸೋ, ಅಥವಾ ಗುತ್ತಿಗೆದಾರನೊಬ್ಬನಿಗೆ ಒಪ್ಪಿಸಿ ಹಣ ಕೊಡುವುದು ಲೇಸೋ ಎಂಬುದೇ ಆ ಪ್ರಶ್ನೆ.

"ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ಹಿರಿಯರು ಈ ಸಂದರ್ಭದಲ್ಲಿ ಹೇಳುವುದುಂಟು. ಗಾದೆಯು ಬೇಸಾಯದ ಕೆಲಸಗಳಿಗೆ ಬಹುಮಟ್ಟಿಗೆ ಒಪ್ಪುವುದಾದರೂ, ಕಟ್ಟಡದ ಕೆಲಸಗಳೆಲ್ಲಕ್ಕೂ ಒಪ್ಪಲಾರದು. ತಾನೇ ಮಾಡಿದ ಕೆಲಸ ಕೆಟ್ಟು, ಸಾಮಾನೂ ದುಡಿಮೆಯೂ ಎರಡೂ ನಷ್ಟವಾಗಿ, ಕಡೆಗೆ ಗಾರೆಯವನನ್ನು ಕರೆದು ಎರಡನೆಯ ಸಲ ಹಣ ತೆತ್ತವರಿದ್ದಾರೆ. ಹಾಗೆಯೇ, ಎಲ್ಲವನ್ನೂ ಗುತ್ತಿಗೆಗೆ ವಹಿಸಿ ಮುಂಗಡ ಕೊಟ್ಟು, ಹೆಂಚು ಇಳಿಸಿದ ಮನೆಯ ಮೇಲೆ ಮೇ ತಿಂಗಳ ಮಳೆ ಸುರಿದರೂ ಕೆಲಸಗಾರರು ಬಾರದೆ ಕಂಗಾಲಾದವರೂ ಇದ್ದಾರೆ. ಆದಕಾರಣ ಈ ವಿಷಯವನ್ನು ಅಭಿಮಾನದಿಂದಲಾಗಲಿ ಆಲಸ್ಯದಿಂದಲಾಗಲಿ ನಿರ್ಣಯಿಸದೆ, ಕೆಲಸದ ಸ್ವಭಾವ, ಕಾಲ ಮತ್ತು ಖರ್ಚು ಈ ಮೂರನ್ನೂ ತೂಗಿ ನೋಡಿ ನಿರ್ಣಯಿಸತಕ್ಕದ್ದು.

1. ಕೆಲಸಗಳ ವಿಂಗಡಣೆ

ಮನೆಯ ದುರಸ್ತಿಯ ಕೆಲಸಗಳನ್ನು ಮೂರು ಗುಂಪುಗಳಾಗಿ ಮಾಡಿಕೊಂಡರೆ ಅರ್ಧ ಪ್ರಶ್ನೆ ತಾನೇ ಬಗೆಹರಿಯುವುದು.

ಮೊದಲನೆಯ ಗುಂಪಿನವು ಮನೆಯವರೇ ಮಾಡತಕ್ಕವು. ಮಣ್ಣಿನ ಗೋಡೆಗೆ ಮೆತ್ತುವುದು, ಸುಣ್ಣ ಬಳಿಯುವುದು, ಗೊಬ್ಬರದ ಗುಂಡಿ ತೋಡುವುದು, ಮನೆಯ ಸುತ್ತ ನೀರು ಹರಿಯುವ ಕಾಲುವೆ ತೆಗೆಯುವುದು, ನೆಲಕ್ಕೆ ಮಣ್ಣು ತುಂಬಿ ದಮ್ಮಸ್ಸು ಮಾಡುವುದು ಇವು ಈ ಜಾತಿಯವು. ಇವುಗಳಲ್ಲಿ ತಪ್ಪು ನಡೆದರೂ ತಿದ್ದುವುದು ಸುಲಭ. ಸಾಮಾನಿನ ಬೆಲೆ ಕಡಮೆ, ದುಡಿಮೆಯ ಪಾಲೇ ಹೆಚ್ಚು. ಮಣ್ಣಿನ ಗೋಡೆಯ ವಿಷಯದಲ್ಲಿಯಂತೂ ಮನೆಯ ಹಿರಿಯರ ತಿಳಿವಳಿಕೆಯು ಅನೇಕ ಗುತ್ತಿಗೆದಾರರ ತಿಳಿವಳಿಕೆಗಿಂತ ಮೇಲು. ಹೊಟ್ಟು ಮತ್ತು ಸಗಣಿ ಬೆರೆಸಿ ಕೊಳೆಯಿಸಿದ ಮಣ್ಣನ್ನು ಮೆತ್ತಿದ ಗೋಡೆಯು ತೇವವನ್ನು ಹೊರಕ್ಕೆ ಬಿಡುವುದು. ಅದರ ಮೇಲೆ ಸಿಮೆಂಟಿನ ಗಾರೆ ಬಳಿದರೆ ತೇವವು ಒಳಗೇ ಸಿಕ್ಕಿ, ಗಾರೆಯು ಹಪ್ಪಳದಂತೆ ಎದ್ದು ಬೀಳುವುದಲ್ಲದೆ, ಅದರ ಹಿಂದಿನ ಮಣ್ಣೂ ಸಡಿಲವಾಗುವುದು.

ಎರಡನೆಯ ಗುಂಪಿನವು ಕಸಬುದಾರನೊಬ್ಬನನ್ನು ದಿನಗೂಲಿಗೆ ಕರೆದು, ಮಿಕ್ಕ ದುಡಿಮೆಯನ್ನು ಮನೆಯವರೇ ಒದಗಿಸಿ ಮಾಡತಕ್ಕವು. ಕೊಟ್ಟಿಗೆಯ ನೆಲಕ್ಕೆ ಕಾಂಕ್ರೀಟು ಹಾಕುವುದು, ಗೋದಲಿ ಕಟ್ಟುವುದು, ಹೆಂಚು ತೆಗೆದು ರೀಪುಗಳನ್ನು ಬದಲಾಯಿಸುವುದು, ಬಾಗಿಲು ಕಿಟಕಿಗಳನ್ನು ಸರಿಪಡಿಸುವುದು ಇತ್ಯಾದಿ. ಇವುಗಳಲ್ಲಿ ಕೈಚಳಕ ಬೇಕಾದ ಭಾಗ ಸ್ವಲ್ಪ, ಹೊರುವ ಕಲೆಸುವ ಭಾಗ ಬಹಳ.

ಮೂರನೆಯ ಗುಂಪಿನವನ್ನು ಮನೆಯವರು ಕೈಯಿಂದ ಮುಟ್ಟಲೇಬಾರದು. ಇವುಗಳ ವಿಚಾರವನ್ನು ಮುಂದೆ ಪ್ರತ್ಯೇಕವಾಗಿ ಹೇಳಿದೆ.

2. ರೈತನ ದಿನದ ಬೆಲೆ

"ನಮ್ಮ ಮೈದುಡಿಮೆಗೆ ಖರ್ಚೇನು?" ಎಂದು ಭಾವಿಸುವುದೇ ಈ ವಿಷಯದಲ್ಲಿ ನಡೆಯುವ ದೊಡ್ಡ ತಪ್ಪು. ರೈತನ ದಿನಕ್ಕೆ ಬೆಲೆಯುಂಟು. ಆದರೆ ಆ ಬೆಲೆಯು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಮಳೆಯನ್ನೇ ನಂಬಿದ ಬಯಲುಸೀಮೆಯ ರೈತನಿಗೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಲದಲ್ಲಿ ಕೆಲಸ ವಿರಳ. ಆಗ ಮನೆಯ ಕೆಲಸಕ್ಕೆ ಕೊಟ್ಟ ದಿನವು ಉಳಿಸಿದ ದಿನವೇ ಸರಿ. ಅದೇ ರೈತನು ರಾಗಿಯ ಹೊಲದಲ್ಲಿ ಕಳೆ ತೆಗೆಯಬೇಕಾದ ಕಾಲದಲ್ಲಿ ಗಾರೆ ಕಲೆಸುತ್ತ ಕುಳಿತರೆ, ಪೈರಿಗೆ ಸಲ್ಲಬೇಕಾದ ಸಾರವನ್ನು ಕಳೆಯು ತಿನ್ನುವುದು. ಆ ನಷ್ಟವು ಗುತ್ತಿಗೆದಾರನ ಲಾಭಕ್ಕಿಂತ ಹೆಚ್ಚಾಗಬಹುದು. ನೀರಾವರಿಯ ಹಾಗೂ ತೋಟದ ರೈತರಿಗೆ, ಹಾಲು ಕರೆಯುವ ದನಗಳು ಹೆಚ್ಚಾಗಿರುವವರಿಗೆ, ಬೇಸಗೆಯಲ್ಲಿಯೂ ಬಿಡುವು ಕಡಮೆ. ಆದುದರಿಂದ ಒಬ್ಬರು ಮಾಡಿದರೆಂದು ಮತ್ತೊಬ್ಬರು ಮಾಡದೆ, ತಮ್ಮ ಮನೆಯ ಬಿಡುವಿನ ದಿನಗಳನ್ನು ಮೊದಲು ಎಣಿಸಿಕೊಳ್ಳತಕ್ಕದ್ದು.

ಮುಯ್ಯಾಳಿನ ಪದ್ಧತಿಯು ಉಳಿದಿರುವ ಹಳ್ಳಿಗಳಲ್ಲಿ ಎರಡು ಮೂರು ಮನೆಯವರು ಕೂಡಿ, ಈ ವಾರ ಒಬ್ಬರ ಕೊಟ್ಟಿಗೆ, ಮುಂದಿನ ವಾರ ಮತ್ತೊಬ್ಬರದು ಎಂದು ಸರದಿಯಿಂದ ಕೆಲಸ ಮುಗಿಸಿಕೊಳ್ಳುವುದು ಬಹಳ ಉಪಯುಕ್ತವಾದುದು. ಕಾಂಕ್ರೀಟನ್ನು ಕಲೆಸಿದ ಅರ್ಧ ಗಂಟೆಯೊಳಗಾಗಿ ಹಾಕಿ ಬಡಿಯಬೇಕಾದುದರಿಂದ, ಒಂದೇ ದಿನ ಹಲವು ಕೈಗಳು ಒದಗುವುದು ಹಣ ಕೊಟ್ಟರೂ ಸಿಕ್ಕದ ಅನುಕೂಲ. ಆದರೆ ಮುಯ್ಯಿಯೂ ಸಾಲವೇ. ತೀರಿಸಲು ದಿನಗಳಿಲ್ಲದವರು ಅದನ್ನು ಎತ್ತಬಾರದು.

3. ಗುತ್ತಿಗೆಯ ವಿಧಗಳು

ಗುತ್ತಿಗೆಯೆಂದರೆ ಒಂದೇ ವಿಧವೆಂದು ತಿಳಿಯಬಾರದು. ಸಾಮಾನು ಸಹಿತವಾದ ಗುತ್ತಿಗೆಯಲ್ಲಿ ಸಿಮೆಂಟು, ಮರಳು, ಜಲ್ಲಿ, ಕೂಲಿ ಎಲ್ಲವೂ ಗುತ್ತಿಗೆದಾರನವು. ಮನೆಯವರಿಗೆ ಓಡಾಟ ಕಡಮೆಯಾಗುವುದಾದರೂ, ಸಾಮಾನನ್ನು ಕಡಮೆ ಹಾಕಿದಷ್ಟೂ ಗುತ್ತಿಗೆದಾರನಿಗೆ ಲಾಭವಾಗುವುದರಿಂದ ಎಚ್ಚರಿಕೆ ಹೆಚ್ಚಾಗಿ ಬೇಕು. ಕೂಲಿ ಗುತ್ತಿಗೆಯಲ್ಲಿ ಸಾಮಾನು ಮನೆಯವರದು. ಕೆಲಸವನ್ನು ಚದರದ ಲೆಕ್ಕದಲ್ಲಿ, ಅಂದರೆ 100 ಚದರಡಿಗೆ ಇಷ್ಟೆಂದು, ಒಪ್ಪಿಕೊಳ್ಳುವರು. ಇದರಲ್ಲಿ ಸಾಮಾನು ಸೋರಿಹೋಗುವ ಭಯ ಕಡಮೆ. ಆದರೆ ಬೇಗ ಮುಗಿಸುವ ಆತುರದಲ್ಲಿ ಕೆಲಸ ಒರಟಾಗುವ ಭಯವುಂಟು. ದಿನಗೂಲಿಯಲ್ಲಿ ಕೆಲಸ ನಯವಾಗಿ ಬರುವುದು, ಆದರೆ ಮೇಲ್ವಿಚಾರಣೆ ಇಲ್ಲದಿದ್ದರೆ ದಿನಗಳು ಬೆಳೆಯುವುವು. ಆದಕಾರಣ ಚಿಕ್ಕ ಕೆಲಸಕ್ಕೆ ದಿನಗೂಲಿ, ಅಳೆಯಲು ಬರುವ ದೊಡ್ಡ ಕೆಲಸಕ್ಕೆ ಕೂಲಿ ಗುತ್ತಿಗೆ, ಮನೆಯಲ್ಲಿ ನಿಂತು ನೋಡುವವರೇ ಇಲ್ಲದಾಗ ಸಾಮಾನು ಸಹಿತ ಗುತ್ತಿಗೆ ಎಂಬುದು ಸಾಮಾನ್ಯವಾದ ನಿಯಮ.

4. ಒಂದು ಉದಾಹರಣೆ: ಕೊಟ್ಟಿಗೆಯ ನೆಲ

ಮೂರು ಹಸು, ಒಂದು ಎಮ್ಮೆ ಮತ್ತು ಕರುಗಳಿರುವ ಮನೆಯೊಂದರಲ್ಲಿ 20 ಅಡಿ ಉದ್ದ, 10 ಅಡಿ ಅಗಲದ ಕೊಟ್ಟಿಗೆಗೆ ನೆಲ ಹಾಕಬೇಕೆಂದು ಭಾವಿಸತಕ್ಕದ್ದು. ಕೊಟ್ಟಿಗೆಯ ಮಾಡಿನ ಕೆಳಗೆ ಹಸುವೊಂದಕ್ಕೆ 3.5 ಚದರ ಮೀಟರ್, ಎಮ್ಮೆಯೊಂದಕ್ಕೆ 4 ಚದರ ಮೀಟರ್, ಕರುವಿಗೆ ಸುಮಾರು 1 ಚದರ ಮೀಟರ್ ಸ್ಥಳವು ಬೇಕೆಂಬುದು ಅಂಗೀಕೃತವಾದ ಅಳತೆ. ಈ ಕೊಟ್ಟಿಗೆಯ 200 ಚದರಡಿಯು ಸುಮಾರು 18.5 ಚದರ ಮೀಟರ್ ಆಗುವುದರಿಂದ ಸ್ಥಳವು ಸಾಕಾಗುವುದು. ಹತ್ತಡಿ ಅಗಲದಲ್ಲಿ ಗೋದಲಿಗೆ 2 ಅಡಿ, ದನ ನಿಲ್ಲುವುದಕ್ಕೆ 5½ ಅಡಿ, ಗಂಜಳದ ಕಾಲುವೆಗೆ 1 ಅಡಿ, ಹಿಂದೆ ಓಡಾಡುವುದಕ್ಕೆ 1½ ಅಡಿ ಹೀಗೆ ಹಂಚಬಹುದು.

ಗಂಜಳದಲ್ಲಿ ಸಾರಜನಕವೂ ಪೊಟ್ಯಾಷೂ ಹೇರಳವಾಗಿರುವುವು. ಮಣ್ಣಿನ ನೆಲದಲ್ಲಿ ಇದು ಇಂಗಿಹೋಗುವುದು. ಗಟ್ಟಿ ನೆಲದಲ್ಲಿ ಹರಿದು ಗುಂಡಿಯನ್ನು ಸೇರಿ ಗೊಬ್ಬರವಾಗುವುದು. ಆದರೆ ನೆಲದ ಇಳಿಜಾರು ತಪ್ಪಿದರೆ ಹಾಕಿದ ಹಣವೆಲ್ಲ ವ್ಯರ್ಥ. 40ರಿಂದ 60 ಅಡಿಗೆ 1 ಅಡಿಯ ಇಳಿಜಾರು ಇರಬೇಕು; ಅಂದರೆ ದನ ನಿಲ್ಲುವ 5½ ಅಡಿಯಲ್ಲಿ 1ರಿಂದ 1½ ಅಂಗುಲ, ಕಾಲುವೆಯ 20 ಅಡಿ ಉದ್ದದಲ್ಲಿ 4ರಿಂದ 6 ಅಂಗುಲ. ಇಷ್ಟು ಸೂಕ್ಷ್ಮವಾದ ಇಳಿಜಾರನ್ನು ಕಣ್ಣಳತೆಯಿಂದ ತರಲು ಸಾಧ್ಯವಿಲ್ಲ; ದಾರ, ಗೂಟ ಮತ್ತು ರಸಮಟ್ಟವನ್ನು ಬಲ್ಲ ಗಾರೆಯವನು ಬೇಕು. ಗಾರೆಯವನಿಗೆ ಹಣ ಕೊಡುವುದು ಮುಖ್ಯವಾಗಿ ಈ ತಿಳಿವಳಿಕೆಗಾಗಿಯೇ.

ಸಾಮಾನಿನ ಲೆಕ್ಕವು ಹೀಗೆ. ಹಳೆಯ ಸಗಣಿಮಣ್ಣನ್ನು ಅಗೆದು ತೆಗೆದು, 6 ಅಂಗುಲ ದಪ್ಪ ಕಲ್ಲುಗಳನ್ನು ಒತ್ತಾಗಿ ಜೋಡಿಸಿ ದಮ್ಮಸ್ಸು ಮಾಡಿ, ಅದರ ಮೇಲೆ 3 ಅಂಗುಲ ಕಾಂಕ್ರೀಟು ಹಾಕಬೇಕು. 200 ಚದರಡಿಗೆ 3 ಅಂಗುಲವೆಂದರೆ 50 ಘನ ಅಡಿ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿಯ ಪ್ರಮಾಣದಲ್ಲಿ ಇದಕ್ಕೆ 50 ಕಿಲೋ ತೂಕದ 9 ಚೀಲ ಸಿಮೆಂಟು, 22 ಘನ ಅಡಿ ಮರಳು, 44 ಘನ ಅಡಿ ಜಲ್ಲಿ ಬೇಕಾಗುವುದು. ಕಾಲುವೆ ಮತ್ತು ಅಂಚುಗಳಿಗೆಂದು ಇನ್ನೊಂದು ಚೀಲ. ಚೀಲವೊಂದಕ್ಕೆ 25ರಿಂದ 28 ಲೀಟರಿಗಿಂತ ಹೆಚ್ಚು ನೀರು ಸೇರಬಾರದು. ನೀರು ಹೆಚ್ಚಾದರೆ ಕಲೆಸುವುದು ಸುಲಭ, ಆದರೆ ನೆಲವು ನಿಸ್ಸತ್ವವಾಗಿ ಪುಡಿ ಏಳುವುದು.

ಇನ್ನು ಖರ್ಚು. ಕೆಳಗಿನ ಅಂಕಿಗಳು ಲೆಕ್ಕ ಹಾಕುವ ರೀತಿಯನ್ನು ತೋರಿಸುವುದಕ್ಕಾಗಿ ಕಲ್ಪಿಸಿಕೊಂಡವು. ರೈತರು ತಮ್ಮ ಊರಿನ ದರಗಳನ್ನು ಹಾಕಿಕೊಳ್ಳತಕ್ಕದ್ದು. ಗುತ್ತಿಗೆದಾರನು ಸಾಮಾನು ಸಹಿತ 26,000 ರೂಪಾಯಿ ಕೇಳಿದನೆಂದು ಇರಲಿ. ಸ್ವಂತವಾಗಿ ಮಾಡಿದರೆ ಸಾಮಾನಿಗೆ 13,000, ಗಾರೆಯವನ ಎರಡು ದಿನದ ಕೂಲಿ 2,000, ಸಲಕರಣೆಯ ಬಾಡಿಗೆ 1,000, ಪೋಲಾಗುವ ಸಾಮಾನಿಗೆ 1,000, ಒಟ್ಟು 17,000 ರೂಪಾಯಿ. ಉಳಿತಾಯ 9,000. ಅಗೆಯುವುದು, ಕಲ್ಲು ಹೊರುವುದು, ದಮ್ಮಸ್ಸು, ಕಲೆಸುವುದು ಇವಕ್ಕೆ ಮನೆಯವರ 12 ಆಳಿನ ದುಡಿಮೆ ಹಿಡಿದರೆ, ಆಳೊಂದಕ್ಕೆ 750 ರೂಪಾಯಿ ಸಂಪಾದಿಸಿದಂತಾಯಿತು. ಬೇಸಗೆಯ ಬಿಡುವಿನಲ್ಲಿ ಇದು ಒಳ್ಳೆಯ ಸಂಪಾದನೆ. ಅದೇ ಕೆಲಸವನ್ನು ಕಳೆ ತೆಗೆಯುವ ಕಾಲದಲ್ಲಿ ಎತ್ತಿಕೊಂಡು, ಹೊಲಕ್ಕೆ 12 ಆಳುಗಳನ್ನು 500 ರೂಪಾಯಿಯಂತೆ ಕರೆಯಬೇಕಾದರೆ, 6,000 ರೂಪಾಯಿ ಹೋಗಿ ಉಳಿಯುವುದು 3,000 ಮಾತ್ರ. ನೆಲದ ಒಂದು ಭಾಗ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೆ ಅದೂ ಇಲ್ಲ. ಹೀಗೆ ಒಂದೇ ಕೆಲಸವು ಮಾರ್ಚಿಯಲ್ಲಿ ಸ್ವಂತವಾಗಿ ಮಾಡತಕ್ಕದ್ದೂ, ಆಗಸ್ಟಿನಲ್ಲಿ ಗುತ್ತಿಗೆಗೆ ಕೊಡತಕ್ಕದ್ದೂ ಆಗುವುದು.

ಕೆಲಸದ ಕ್ರಮದಲ್ಲಿ ಕೆಲವು ಸಂಗತಿಗಳನ್ನು ಮರೆಯಬಾರದು. 20 ಅಡಿ ಉದ್ದವನ್ನು 5 ಅಡಿಯ ನಾಲ್ಕು ಅಂಕಣಗಳಾಗಿ ಮಾಡಿ, ಮೊದಲ ದಿನ ಒಂದು ಮತ್ತು ಮೂರನೆಯದನ್ನೂ, ಮಾರನೆಯ ದಿನ ಎರಡು ಮತ್ತು ನಾಲ್ಕನೆಯದನ್ನೂ ಹಾಕಿದರೆ ನೆಲವು ಮನಬಂದಂತೆ ಬಿರಿಯುವುದಿಲ್ಲ. ಮೇಲ್ಮೈಯನ್ನು ಕನ್ನಡಿಯಂತೆ ನುಣುಪು ಮಾಡಬಾರದು. ಗರ್ಭಿಣಿಯಾದ ಹಸುವೊಂದು ಜಾರಿ ಬಿದ್ದರೆ ಆಗುವ ನಷ್ಟವು ನೆಲದ ಖರ್ಚಿನ ಎರಡು ಮೂರು ಪಟ್ಟಾಗಬಹುದು. ಹಸಿಯಾಗಿರುವಾಗಲೇ ಗಟ್ಟಿ ಪೊರಕೆಯಿಂದ ಗೀರೆಳೆಯತಕ್ಕದ್ದು. ಮಾರನೆಯ ದಿನದಿಂದ ಹುಲ್ಲು ಅಥವಾ ಗೋಣಿಯನ್ನು ಹೊದಿಸಿ, ಕಡಮೆಯೆಂದರೆ 10 ದಿನ ಒಣಗದಂತೆ ನೀರುಣಿಸಬೇಕು. ಎರಡು ವಾರ ದನಗಳನ್ನು ಹತ್ತಿಸಬಾರದು. ಅಷ್ಟು ದಿನ ದನಗಳು ಮರದ ನೆರಳಿನಲ್ಲಿ ನಿಲ್ಲಬೇಕಾಗುವುದರಿಂದಲೂ ಈ ಕೆಲಸಕ್ಕೆ ಬೇಸಗೆಯೇ ತಕ್ಕ ಕಾಲ. ಕೆಲಸವನ್ನು ಗುತ್ತಿಗೆಗೆ ಕೊಟ್ಟವರೂ ನೀರುಣಿಸುವ ಭಾಗವನ್ನು ತಾವೇ ಇಟ್ಟುಕೊಳ್ಳತಕ್ಕದ್ದು. ಕಾಂಕ್ರೀಟು ಹಾಕಿದ ದಿನವೇ ಗುತ್ತಿಗೆಯ ಜನರು ಹೊರಟುಹೋಗುವರು. ಹತ್ತು ದಿನವೂ ಮುಂಜಾನೆ ಸಂಜೆ ನೀರು ಹೊಯ್ಯುವವರು ಮನೆಯವರೇ.

5. ಸ್ವಂತವಾಗಿ ಮಾಡಬಾರದ ಕೆಲಸಗಳು

ವಿದ್ಯುತ್ತಿನ ತಂತಿ ಎಳೆಯುವುದನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನಿಂದಲೇ ಮಾಡಿಸಬೇಕೆಂಬುದು ಕಾನೂನು. ಕೊಟ್ಟಿಗೆಯ ನೆಲವು ಸದಾ ತೇವವಾಗಿರುವುದರಿಂದ, ಅಲ್ಲಿ ಸಿಪ್ಪೆ ಹರಿದ ಒಂದು ತಂತಿಯು ಮನುಷ್ಯರನ್ನೂ ದನಗಳನ್ನೂ ಒಟ್ಟಿಗೆ ಕೊಲ್ಲಬಲ್ಲುದು.

ಹಳೆಯ ಶೌಚದ ಗುಂಡಿ, ಗೋಬರ್ ಅನಿಲದ ತೊಟ್ಟಿ ಇವುಗಳೊಳಗೆ ಯಾರೂ ಇಳಿಯಬಾರದು. ಕೂಲಿಗಾರರನ್ನು ಇಳಿಸಲೂ ಬಾರದು. ಅಲ್ಲಿ ಸೇರಿರುವ ವಿಷವಾಯುವು ಒಂದೆರಡು ಉಸಿರಿನಲ್ಲಿಯೇ ಪ್ರಜ್ಞೆ ತಪ್ಪಿಸುವುದು. ಎತ್ತಲು ಇಳಿದವನೂ ಅಲ್ಲೇ ಉಳಿಯುವನು. ರಕ್ಷಣೆಯ ಸಾಧನಗಳಿಲ್ಲದೆ ಶೌಚದ ಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಕಾಯಿದೆಯಂತೆ ಅಪರಾಧವೂ ಹೌದು. ಯಂತ್ರದ ಬಂಡಿಯನ್ನು ಕರೆಯಿಸತಕ್ಕದ್ದು.

ತೊಲೆಯನ್ನು ಹೊತ್ತ ಗೋಡೆಯಲ್ಲಿ ಹೊಸ ಬಾಗಿಲು ಕೊರೆಯುವುದು, ತೊಲೆಗಳನ್ನು ಬದಲಾಯಿಸುವುದು, ಬಾವಿಯ ಕಟ್ಟೆ ಕುಸಿದುದನ್ನು ಕಟ್ಟುವುದು ಇವು ಅನುಭವಸ್ಥರ ಕೆಲಸಗಳು. ಕಲ್ನಾರಿನ ತಗಡನ್ನು ಕತ್ತರಿಸಿದಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕವಾದುದರಿಂದ, ಹಳೆಯ ತಗಡನ್ನು ಒಡೆಯದೆ ಇಡಿಯಾಗಿಯೇ ಇಳಿಸಬೇಕು.

ಹೆಂಚಿನ ಮಾಡಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಸ್ಥಾಪಿಸಿದಂದಿನಿಂದ ನಾಡೆಲ್ಲ ಹರಡಿದ ಮಂಗಳೂರು ಹೆಂಚು 100 ಚದರಡಿಗೆ ಸುಮಾರು 150 ಬೇಕಾಗುವುದು. ಒಡೆದ ನಾಲ್ಕಾರು ಹೆಂಚನ್ನು ಮನೆಯವರೇ ಬದಲಾಯಿಸಬಹುದು. ಆದರೆ ಒಬ್ಬನೇ ಹತ್ತಬಾರದು, ಏಣಿಯ ತಲೆಯನ್ನು ಕಟ್ಟಿರಬೇಕು, ಹೆಂಚಿನ ಮೇಲೆ ಕಾಲಿಡದೆ ಕೆಳಗೆ ಮರದ ಆಧಾರವಿರುವ ಕಡೆ ಹಲಗೆ ಹಾಸಿ ಕಾಲಿಡಬೇಕು. ಹತ್ತುವುದಕ್ಕೆ ಮೊದಲು ಕೆಳಗಿನಿಂದಲೇ ಮರಗಳನ್ನು ಮೊನೆಯಿಂದ ಚುಚ್ಚಿ ನೋಡಿ, ಗೆದ್ದಲು ತಿಂದಿದ್ದರೆ ಬಡಗಿಯನ್ನು ಕರೆಯತಕ್ಕದ್ದು. ಮನೆಯ ದುಡಿಯುವ ಮನುಷ್ಯನ ಸೊಂಟ ಮುರಿದರೆ, ಆ ವರ್ಷದ ಬೇಸಾಯವೇ ಮುರಿದಂತೆ.

ಮನೆಯವರೇ ಮಾಡುವ ಸುಣ್ಣದ ಕೆಲಸದಲ್ಲಿಯೂ ಒಂದು ಅಪಾಯವುಂಟು. ಸುಟ್ಟ ಸುಣ್ಣದ ಕಲ್ಲು ನೀರು ಸೇರಿದೊಡನೆ ಕುದಿದು ಸಿಡಿಯುವುದು. ಅಗಲವಾದ ಪಾತ್ರೆಯಲ್ಲಿ ನೀರಿಟ್ಟು ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು, ಕಲ್ಲಿನ ರಾಶಿಯ ಮೇಲೆ ನೀರು ಸುರಿಯಬಾರದು. ಮಕ್ಕಳನ್ನು ದೂರವಿರಿಸಬೇಕು, ಸುಣ್ಣವು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬಿದ್ದೊಡನೆ ಬಹಳ ಹೊತ್ತು ತಣ್ಣೀರಿನಿಂದ ತೊಳೆದು ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು.

6. ಗುತ್ತಿಗೆಯ ಕರಾರು

ಗುತ್ತಿಗೆಗೆ ಕೊಡುವುದೆಂದು ನಿಶ್ಚಯಿಸಿದಲ್ಲಿ ಮಾತಿನ ಮೇಲೆ ಬಿಡದೆ ಕಾಗದದ ಮೇಲೆ ಬರೆಯತಕ್ಕದ್ದು. 1872ರ ಭಾರತೀಯ ಕರಾರು ಕಾಯಿದೆಯಂತೆ ಬಾಯಿಮಾತಿನ ಒಪ್ಪಂದವೂ ಸಿಂಧುವೇ. ಆದರೆ ವಿವಾದ ಬಂದಾಗ ಅದನ್ನು ರುಜುವಾತುಪಡಿಸುವುದು ಕಷ್ಟ. ಬಂಧುವಾಗಲಿ ಒಂದೇ ಊರಿನವನಾಗಲಿ, ಬರೆಯುವುದರಿಂದ ಅವಮಾನವೇನೂ ಇಲ್ಲ. ಬರೆದಿಟ್ಟ ಲೆಕ್ಕವೇ ಸ್ನೇಹವನ್ನು ಉಳಿಸುವುದು.

ಕರಾರಿನಲ್ಲಿ ಇರಬೇಕಾದವು ಇವು: ಕೆಲಸದ ಉದ್ದ, ಅಗಲ ಮತ್ತು ದಪ್ಪ, ಸಿಮೆಂಟು, ಮರಳು, ಜಲ್ಲಿಗಳ ಪ್ರಮಾಣ, ಯಾವ ಸಾಮಾನು ಯಾರದು, ನೀರು, ಸಲಕರಣೆ ಮತ್ತು ಕೆಲಸಗಾರರ ಊಟ ಯಾರದು, ಆರಂಭ ಮತ್ತು ಮುಕ್ತಾಯದ ತಾರೀಖು, ಕೆಲಸದಲ್ಲಿ ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು, ಹಣ ಕೊಡುವ ಕಂತುಗಳು. ದರವನ್ನು ಚದರಕ್ಕೋ, ಘನ ಅಡಿಗೋ, ಅಥವಾ ಉತ್ತರದ ಜಿಲ್ಲೆಗಳಲ್ಲಿರುವಂತೆ 100 ಘನ ಅಡಿಯ ಬ್ರಾಸಿಗೋ ಎಂಬುದನ್ನು ಸ್ಪಷ್ಟಪಡಿಸಬೇಕು. ಒಬ್ಬನನ್ನೇ ಕೇಳದೆ ಇಬ್ಬರು ಮೂವರನ್ನು ಕೇಳಿ, ಅವರು ಎರಡು ಮಳೆಗಾಲಗಳ ಹಿಂದೆ ಮಾಡಿದ ಕೆಲಸವನ್ನು ಹೋಗಿ ನೋಡತಕ್ಕದ್ದು. ಹೊಸ ಗಾರೆ ಎಲ್ಲರದೂ ಚೆನ್ನಾಗಿಯೇ ಕಾಣುವುದು.

ಮುಂಗಡವನ್ನು ಸಾಮಾನು ತರಲು ಬೇಕಾಗುವಷ್ಟಕ್ಕೆ ಮಿತಿಗೊಳಿಸಿ, ಮಿಕ್ಕುದನ್ನು ಆದ ಕೆಲಸಕ್ಕೆ ತಕ್ಕಂತೆ ಕೊಡುತ್ತ, ಹತ್ತನೆಯ ಒಂದು ಪಾಲನ್ನಾದರೂ ಮೊದಲ ಮಳೆ ಕಳೆಯುವವರೆಗೆ ಉಳಿಸಿಕೊಳ್ಳುವುದು ವಿವೇಕ. ಆದರೆ ಆದ ಕೆಲಸದ ಕೂಲಿಯನ್ನು ತಡೆಹಿಡಿಯುವುದು ನ್ಯಾಯವಲ್ಲ. ಗುತ್ತಿಗೆದಾರನ ಹಿಂದೆಯೂ ಸಂಜೆಗೆ ಕೂಲಿ ಕೊಂಡೊಯ್ಯಬೇಕಾದ ಮನೆಗಳಿರುವುವು. ಕೊಟ್ಟ ಪ್ರತಿಯೊಂದು ಹಣಕ್ಕೂ ರಸೀತಿ ಪಡೆಯತಕ್ಕದ್ದು.

7. ಪರೀಕ್ಷೆಗಳು

ಯಾರು ಮಾಡಿದರೂ ಕೆಳಗಿನ ಪರೀಕ್ಷೆಗಳನ್ನು ಮನೆಯವರೇ ನಡೆಸಬಹುದು. ಗಾಜಿನ ಸೀಸೆಯಲ್ಲಿ ಅರ್ಧಕ್ಕೆ ಮರಳು, ಮೇಲೆ ನೀರು ಹಾಕಿ ಕುಲುಕಿ ಮೂರು ಗಂಟೆ ಬಿಡಬೇಕು. ಮರಳಿನ ಮೇಲೆ ಕುಳಿತ ಮಣ್ಣಿನ ಪದರವು ಮರಳಿನ ಹನ್ನೆರಡನೆಯ ಒಂದು ಪಾಲಿಗಿಂತ ಹೆಚ್ಚಿದ್ದರೆ ಆ ಮರಳನ್ನು ತೊಳೆಯದೆ ಬಳಸಬಾರದು. ಸಿಮೆಂಟಿನ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿತವಾಗಿರುವುದು. ಮೂರು ತಿಂಗಳು ಮೀರಿದ್ದನ್ನೂ, ಒಳಗೆ ಗಂಟು ಕಟ್ಟಿದ್ದನ್ನೂ ಕೊಳ್ಳಬಾರದು. ಕಾಂಕ್ರೀಟು ಹಾಕುವ ಮೊದಲು ಗೂಟಗಳ ಮೇಲೆ 3 ಅಂಗುಲದ ಗುರುತನ್ನು ನೋಡಬೇಕು. ಹಾಕಿದ ಮೇಲೆ ದಪ್ಪವನ್ನು ಅಳೆಯುವ ದಾರಿಯಿಲ್ಲ. ಕಡೆಯದಾಗಿ, ಗೋದಲಿಯ ಬುಡದಲ್ಲಿ ಒಂದು ಕೊಡ ನೀರನ್ನು ಸುರಿದು ನೋಡಬೇಕು. ನೀರು ಎಲ್ಲಿಯೂ ನಿಲ್ಲದೆ ಕಾಲುವೆಯನ್ನು ಸೇರಿ ಗುಂಡಿಗೆ ಹರಿದರೆ ಕೆಲಸ ಸರಿಯಾಗಿದೆಯೆಂದು ತಿಳಿಯತಕ್ಕದ್ದು. ಕೊನೆಯ ಕಂತಿನ ಹಣವನ್ನು ಈ ಕೊಡದ ನೀರು ಹರಿದ ಮೇಲೆಯೇ ಕೊಡತಕ್ಕದ್ದು.

ಸಾರಾಂಶ

ಕೆಟ್ಟರೆ ಸುಲಭವಾಗಿ ತಿದ್ದಬಹುದಾದ ಕೆಲಸವನ್ನು, ಬಿಡುವಿನ ಕಾಲದಲ್ಲಿ, ಮನೆಯವರೇ ಮಾಡುವುದು ಲಾಭಕರ. ಕೆಟ್ಟರೆ ಹಣ ನಷ್ಟವಾಗುವ ಕೆಲಸದಲ್ಲಿ ಕಸಬುದಾರನ ಕೈಯನ್ನೂ ಮನೆಯವರ ದುಡಿಮೆಯನ್ನೂ ಕೂಡಿಸತಕ್ಕದ್ದು. ಕೆಟ್ಟರೆ ಪ್ರಾಣವೇ ಹೋಗುವ ಕೆಲಸದಲ್ಲಿ ಉಳಿತಾಯದ ಮಾತನ್ನೇ ಆಡಬಾರದು. ಯಾವ ದಾರಿಯನ್ನು ಹಿಡಿದರೂ ಮೊದಲು ಲೆಕ್ಕ ಬರೆದು, ಮಳೆಗೆ ಮುಂಚೆ ಮುಗಿಯುವಂತೆ ಆರಂಭಿಸಿ, ಮನೆಯವರೊಬ್ಬರು ಹತ್ತಿರ ನಿಂತು ನೋಡಿಕೊಂಡಲ್ಲಿ, ಹಾಕಿದ ಹಣವೂ ಪಟ್ಟ ಶ್ರಮವೂ ಸಾರ್ಥಕವಾಗುವುವು.